ನಾನೇನು ಕೈ ಅಡ್ಡ ಹಿಡಿದಿದ್ದೆನೇ?

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಒಂದು ಶನಿವಾರ ಮಧ್ಯಾಹ್ನ ಹಸಿದು ಬಂದ ಗಿರಾಕಿಯೊಬ್ಬನಿಗೆ ಎರಡು ರೊಟ್ಟಿ ಹಾಕಿ, ಮೂರನೆಯದಕ್ಕೆ ಬೇಕಂತಲೇ ಕಾಯಿಸಿದೆ.

ಮುಧೋಳದಲ್ಲಿ ಲೋಕಾಪುರ ರಸ್ತೆಗೆ ನನ್ನ ಖಾನಾವಳಿ. ಇಷ್ಟು ವರ್ಷದಲ್ಲಿ ಯಾರ ತಾಟನ್ನೂ ಒಣಗಿಸಿದವಳಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನವರು, ಬನಹಟ್ಟಿಯ ಸೀರೆ ವ್ಯಾಪಾರಿಗಳು, ಬೀಳಗಿ ಕಡೆಯ ಮಾಸ್ತರರು, ಎಲ್ಲರಿಗೂ ಒಂದೇ ನೇಮ. ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಅಲ್ಲಿಯವರೆಗೆ ರೊಟ್ಟಿ ಬರುತ್ತಲೇ ಇರುತ್ತದೆ. ಸಾಕು ಅನ್ನುವ ಹಕ್ಕು ಉಣ್ಣುವವನದು. ಬಡಿಸುವವಳದಲ್ಲ.

ಹಾಗಾದರೆ ಆ ಶನಿವಾರ ನನಗೇನು ಹುಚ್ಚು ಹಿಡಿದಿತ್ತೇ?

ಹಿಡಿದಿತ್ತು. ಇಂಟರ್ನೆಟ್ಟಿನ ಹುಚ್ಚು.

ನನ್ನ ಮೊಮ್ಮಗಳು ರೇಣುಕಾ ಸೈಕಲ್ ರೇಸಿನವಳು. (ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ. ಬೆಳಿಗ್ಗೆ ಜಮಖಂಡಿ ರಸ್ತೆಗೆ ನಿಂತರೆ ಎಮ್ಮೆಗಿಂತ ರೇಸ್ ಸೈಕಲ್ಲುಗಳೇ ಹೆಚ್ಚು ಕಾಣುತ್ತವೆ.) ಅವಳ ರೇಸನ್ನು ನಾನು ಒಂದು ಸಲವೂ ನೋಡಿರಲಿಲ್ಲ. ರೇಸ್ ಯಾವಾಗಲೂ ಪರ ಊರಲ್ಲಿ. ಒಲೆ ಯಾವಾಗಲೂ ಇಲ್ಲಿ. ಆ ಭಾನುವಾರ ರಾಜಸ್ಥಾನದಲ್ಲಿ ದೊಡ್ಡ ರೇಸ್ ಇತ್ತು. ಹೊರಡುವಾಗ ಹೇಳಿ ಹೋದಳು:

"ಆಯಿ, ಈ ಸಲ ಲೈವ್ ತೋರಸ್ತಾರ. ಖಾನಾವಳಿ ಟಿವಿಗೆ ವೈಫೈ ಹಚ್ಚಿ ನೋಡು. ನೆಪ ಹೇಳಬ್ಯಾಡ."

"ನೆಪ ಯಾಕ ಹೇಳ್ಲಿ? ನಮ್ದು ಅನ್‌ಲಿಮಿಟೆಡ್ ಐತಿ," ಅಂದೆ. ಎದೆ ಉಬ್ಬಿಸಿ ಅಂದೆ.

ಆ ಮಾತಿಗೇ ನಾನು ಬಿದ್ದದ್ದು. ಕನೆಕ್ಷನ್ ಕೊಡುವಾಗ ಮಾಂತೇಶ ಒಂದು ಬಣ್ಣದ ಕಾಗದ ತಂದಿದ್ದ. ಅದರಲ್ಲಿ ಅಂಗೈ ಅಗಲದ ಅಕ್ಷರದಲ್ಲಿ 'ಅನ್‌ಲಿಮಿಟೆಡ್' ಅಂತಿತ್ತು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ದೊಡ್ಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಕೆಳಗೆ ಸಣ್ಣ ಅಕ್ಷರ ಇದ್ದವು, ಸಾಸಿವೆ ಚೆಲ್ಲಿದ ಹಾಗೆ. ಅವನ್ನು ಬಿಟ್ಟೆ. (ಓದಿದ ಜಾಣರೇ, ನೀವಾದರೂ ಓದುತ್ತೀರಾ?) ಅನ್‌ಲಿಮಿಟೆಡ್ ಅಂದರೆ ನಮ್ಮ ರೊಟ್ಟಿಯ ಹಾಗೆ, ಕೈ ಅಡ್ಡ ಹಿಡಿಯುವ ತನಕ ಅಂದುಕೊಂಡೆ. ಬೋರ್ಡಿನ ಮೇಲೆ 'ಉಚಿತ ವೈಫೈ' ಅಂತಲೂ ಬರೆಸಿಬಿಟ್ಟೆ.

ಟ್ರ್ಯಾಕ್ಟರಿನವರು ಒಂದು ರೊಟ್ಟಿ ಉಣ್ಣುವುದರಲ್ಲಿ ಒಂದು ಸಿನಿಮಾ ಇಳಿಸಿಕೊಳ್ಳುತ್ತಿದ್ದರು.

ರೇಸಿಗೆ ನಾಲ್ಕು ದಿನ ಇರುವಾಗ ಟಿವಿಯಲ್ಲಿ ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಮಾಂತೇಶನಿಗೆ ಫೋನ್ ಹಚ್ಚಿದೆ. ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವನು, ಈಗ ಇಂಟರ್ನೆಟ್ ಏಜೆಂಟ್. ದಿನಾ ಮಧ್ಯಾಹ್ನ ನನ್ನಲ್ಲೇ ಉಣ್ಣುವವನು.

"ನೆಟ್ ಬಂದ್ ಮಾಡಿಲ್ರಿ ಅವ್ವಾರ. ಬರೇ ಸ್ಪೀಡ್ ಕಡಿಮಿ ಆಗೇತಿ. ಈ ತಿಂಗಳದ ಡೇಟಾ ಲಿಮಿಟ್ ಮುಗದೈತಿ."

"ಅನ್‌ಲಿಮಿಟೆಡ್‌ಕ್ಕ ಎಲ್ಲೀ ಲಿಮಿಟ್ಟೋ?"

"ಅದು ಹಂಗ ಇರತೈತ್ರಿ. ಒಂದನೇ ತಾರೀಖಿಗೆ ಮತ್ತ ಫುಲ್ ಸ್ಪೀಡ್. ಇಲ್ಲಾಂದ್ರ ಟಾಪ್-ಅಪ್ ಹಾಕಸ್ಕೋರಿ."

ಯಾಕೆ ಹಾಕಿಸಲಿ? ಊಟದ ರೊಕ್ಕ ಕೊಟ್ಟು ಕೂತವನಿಗೆ ಮೂರನೇ ರೊಟ್ಟಿಗೆ ಬೇರೆ ರೊಕ್ಕ ಕೇಳಿದರೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ? ಮಿಕ್ಸರ್ ಕೊಂಡಾಗಲೂ ಹೀಗೇ ಆಗಿತ್ತು. ಲೈಫ್‌ಟೈಮ್ ಗ್ಯಾರಂಟಿ ಅಂದರು. ಯಾರ ಲೈಫು? ಮಿಕ್ಸರಿನದಂತೆ. ಅದು ಸತ್ತ ದಿನ ಗ್ಯಾರಂಟಿಯೂ ಸತ್ತಿತು.

ಸಿಟ್ಟಿಗೆ ಬಜಾರಿನ ಇನ್ನೊಂದು ಕಂಪನಿಯವನನ್ನು ಕೇಳಿದೆ. ಅವನ ಹತ್ತಿರ ಲಿಮಿಟ್ ಇಲ್ಲವಂತೆ. ಆದರೆ "ಸೋಮವಾರದ ತನಕಾ ವೈರ್ ಎಳಿಯಾಕ ಆಗೂದಿಲ್ರಿ" ಅಂದ. ರೇಸ್ ಭಾನುವಾರ! ಯಾರದಾದರೂ ಫೋನಿನಲ್ಲಿ ನೋಡಬಹುದಿತ್ತಲ್ಲ ಅಂತೀರಿ. ನನ್ನ ಕಣ್ಣಿಗೆ, ಅಂಗೈಯಷ್ಟು ಪರದೆಯಲ್ಲಿ, ಇರುವೆ ಸಾಲಿನಂಥ ಸೈಕಲ್ಲುಗಳನ್ನು? ನೀವೇ ಕಣ್ಣು ಕೊಡಿ, ನೋಡುತ್ತೇನೆ.

ಹಾಗಾಗಿ ಶನಿವಾರ ಬಂತು. ಮಾಂತೇಶನೂ ಬಂದ.

ರೊಟ್ಟಿ ಬಡಿಯುವ ಗಂಗವ್ವನಿಗೆ ಮೊದಲೇ ಹೇಳಿಟ್ಟಿದ್ದೆ. ಎರಡು ರೊಟ್ಟಿ ಬಿಸಿಬಿಸಿ ಹೋದವು, ಎಣ್ಣೆಗಾಯಿ, ಶೇಂಗಾ ಹಿಂಡಿ ಜೊತೆ. ಮುಗಿಸಿ ತಲೆ ಎತ್ತಿದ.

"ಅವ್ವಾರ, ರೊಟ್ಟಿ."

"ಬರ್ತೈತಿ."

ಪಕ್ಕದ ಟೇಬಲ್ಲಿಗೆ ರೊಟ್ಟಿ ಹೋದವು. ಎದುರಿನ ಟೇಬಲ್ಲಿಗೂ ಹೋದವು. ಇವನ ತಾಟಿನಲ್ಲಿ ಎಣ್ಣೆಗಾಯಿ ಆರಿತು.

"ಗಂಗವ್ವಾ, ನನ್ನ ರೊಟ್ಟಿ ಎಲ್ಲೈತಿ ಬೇ?"

ಗಂಗವ್ವ ಒಳಗಿನಿಂದ ತಲೆ ಹಾಕಿ, ಬೆರಳು ಗಾಳಿಯಲ್ಲಿ ಗರಗರ ತಿರುಗಿಸಿದಳು. "ಸುತ್ತಾಕತ್ತೈತಿ!"

ಸ್ವಲ್ಪ ಹೊತ್ತು ಬಿಟ್ಟು ನಾನೇ ಹೋಗಿ ಒಂದು ಚೂರು ರೊಟ್ಟಿ ತಾಟಿಗೆ ಹಾಕಿದೆ. ಹಪ್ಪಳದ ತುಣುಕಿನಷ್ಟು.

"ಏನ್ರಿ ಇದು?"

"ರೊಟ್ಟಿ ಬಂದ್ ಮಾಡಿಲ್ಲೋ ತಮ್ಮಾ. ಬರೇ ಸ್ಪೀಡ್ ಕಡಿಮಿ ಮಾಡೇವಿ."

ಮೂಲೆಯಲ್ಲಿದ್ದ ಟ್ರ್ಯಾಕ್ಟರಿನವನೊಬ್ಬ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು.

"ಬೋರ್ಡಿನ್ಯಾಗ ಹೊಟ್ಟಿ ತುಂಬ ಊಟ ಅಂತ ಬರಿಸೀರಲ್ರಿ?" ಅಂದ ಮಾಂತೇಶ.

"ತುಂಬತೈತಿ. ಒಂದನೇ ತಾರೀಖಿಗೆ ಬಾ."

"ಮಾಂತೇಶಣ್ಣಾ, ಟಾಪ್-ಅಪ್ ಹಾಕಸ್ಕೋಪಾ!" ಅಂದ ಟ್ರ್ಯಾಕ್ಟರಿನವನು.

ಮಾಂತೇಶನೂ ಕಡಿಮೆ ಅಲ್ಲ. ಎದ್ದು ನಿಂತು ಬೋರ್ಡಿನ ಕಡೆ ಕೈ ತೋರಿಸಿದ. "ಅವ್ವಾರ, ಅಲ್ಲಿ ಕೆಳಗ ಸಣ್ಣ ಅಕ್ಷರದಾಗ ಏನೈತ್ರಿ? 'ಮೊಸರು ಒಂದೇ ಸಲ.' ಅದು ಲಿಮಿಟ್ ಅಲ್ಲೇನು?"

ಈಗ ಎಲ್ಲರೂ ನನ್ನ ಕಡೆ ನೋಡಿದರು. ಖರೆ ಮಾತು. ಏಟು ಸರಿಯಾಗಿಯೇ ಬಿದ್ದಿತ್ತು.

"ಐತಿ," ಅಂದೆ. "ಆದ್ರ ನೀ ಉಣ್ಣಾಕ ಕುಂದ್ರೂದಕ್ಕ ಮೊದಲ ಬಾಯಿಬಿಟ್ಟು ಹೇಳೇನಿ. ಅರ್ಧ ಊಟದಾಗ ತಾಟ ಎಳಕೊಂಡಿಲ್ಲ. ನಾಳಿ ನನ್ನ ಮೊಮ್ಮಗಳ ರೇಸ್ ಐತಿ, ಇವತ್ತ ನನ್ನ ತಾಟ ಖಾಲಿ ಕುಂತೈತಿ. ನಾನೇನ ಕೈ ಅಡ್ಡ ಹಿಡದಿದ್ನೇನೋ?"

(ಮೊಸರಿನ ಸಾಲನ್ನು ಆಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದೆ. ಅಳಿಸಲಿಲ್ಲ. ಮೊಸರು ದುಬಾರಿ.)

ಮಾಂತೇಶ ಕೂತ. ತಾಟಿನಲ್ಲಿದ್ದ ಆ ಚೂರನ್ನು ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ. "ಒಂದ ಮಾತ ಮೊದಲ ರೇಸ್ ಐತಿ ಅಂತ ಹೇಳೂದಲ್ಲೇನ್ರಿ!" ಅನ್ನುತ್ತಾ ಎಡಗೈಯಲ್ಲಿ ಫೋನ್ ಹಿಡಿದು ಜಮಖಂಡಿಯ ಆಫೀಸಿನವರ ಹತ್ತಿರ ಏನೇನೋ ಮಾತಾಡಿದ. ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ಟಿವಿಯ ಚಕ್ರ ಮಾಯವಾಗಿ ಚಿತ್ರ ಬಂದೊಡನೆ ಗಂಗವ್ವ ಒಂದರ ಮೇಲೊಂದು ಮೂರು ರೊಟ್ಟಿ ತಂದು ಹಾಕಿದಳು. ಅವನು ಕೈ ಅಡ್ಡ ಹಿಡಿದರೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಖಾನಾವಳಿಯಲ್ಲಿ ಉಣ್ಣುವವರಿಗಿಂತ ನೋಡುವವರೇ ಹೆಚ್ಚು.

ಒಂದು ತೊಂದರೆ. ಯಾವ ಹುಡುಗಿಯ ಮುಖವೂ ಕಾಣದು! ಎಲ್ಲರಿಗೂ ಒಂದೇ ಥರದ ಟೊಪ್ಪಿಗೆ, ಕರಿ ಕನ್ನಡಕ. ನಮ್ಮವಳು ಎಲ್ಲಿ, ನಮ್ಮವಳು ಎಲ್ಲಿ ಅಂತ ಎಲ್ಲರೂ ಟಿವಿಗೆ ಮೂಗು ಹಚ್ಚಿದರು. ನಾನು ಹಿಂದೆ ಕೂತವಳು ಕಂಡುಹಿಡಿದೆ. ಗುಂಪಿನಲ್ಲಿ ಒಬ್ಬಳ ಎಡ ಮೊಣಕೈ ಹೊರಗೆ ಚಾಚಿತ್ತು. ಶಾಲೆಗೆ ಹೋಗುವ ಮೊದಲು ರೇಣುಕಾ ನನ್ನ ಮೊಸರಿಗೆ ಹಾಲು ತರುತ್ತಿದ್ದಳು, ಕ್ಯಾನನ್ನು ಸೈಕಲ್ಲಿನ ಎಡ ಹ್ಯಾಂಡಲಿಗೆ ತೂಗಿಹಾಕಿಕೊಂಡು. ಅದು ಕಾಲಿಗೆ ಬಡಿಯಬಾರದೆಂದು ಮೊಣಕೈ ಹೊರಗೆ ಹಾಕುತ್ತಿದ್ದಳು. ಕ್ಯಾನ್ ಹೋಗಿ ಎಷ್ಟೋ ವರ್ಷವಾಯಿತು. ಮೊಣಕೈ ಒಳಗೆ ಬಂದಿಲ್ಲ.

"ಅಕೀನ ನಮ್ಮಾಕಿ!" ಅಂದೆ.

ಆಮೇಲಿನದನ್ನು ಹೇಗೆ ಹೇಳಲಿ? ಕೊನೆಯ ತಿರುವಿನಲ್ಲಿ ಆ ಮೊಣಕೈ ಒಬ್ಬಳನ್ನು ದಾಟಿತು. ಮತ್ತೊಬ್ಬಳನ್ನೂ ದಾಟಿತು. ಗಂಗವ್ವ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿ ಎಲ್ಲರ ಮೇಲೂ ಹಿಟ್ಟು ಹಾರಿಸಿದಳು. ಹಂಚಿನ ಮೇಲೆ ರೊಟ್ಟಿ ಕರಿ ಆಯಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಮಾಂತೇಶ: "ತುಳೀ ಲೇ ತಂಗೀ, ತುಳೀ!" ತಾನೇ ನೆಟ್ ತುಳಿಯುತ್ತಿದ್ದಾನೋ ಏನೋ ಅನ್ನುವ ಹಾಗೆ.

ನಾಲ್ಕನೆಯವಳಾಗಿ ಬಂದಳು. ನಾಲ್ಕನೆಯವಳಿಗೆ ಪದಕವಿಲ್ಲವಂತೆ. ಇರಲಿ. ನನಗೆ ನೋಡಬೇಕಿತ್ತು, ನೋಡಿದೆ. ಒಂದು ಸಲವೂ ಚಕ್ರ ಸುತ್ತಲಿಲ್ಲ. ಸುತ್ತಿದ್ದು ಸೈಕಲ್ಲಿನದು ಮಾತ್ರ.

ಮಧ್ಯಾಹ್ನ ಫೋನ್ ಬಂತು. ಇನ್ನೂ ಏದುಸಿರು ಬಿಡುತ್ತಿದ್ದ ಹಾಗಿತ್ತು ದನಿ.

"ಆಯಿ, ನೋಡ್ದ್ಯಾ?"

"ನೋಡ್ದೆ. ಮೊಣಕೈ ಒಳಗ ತಗೋ."

ಅತ್ತ ಕಡೆ ನಕ್ಕ ನಗು ಇಡೀ ಖಾನಾವಳಿಗೆ ಕೇಳಿಸಿತು.

ಅವತ್ತು ಎಲ್ಲರಿಗೂ ಹೋಳಿಗೆ. ಮೊಸರು ಎರಡು ಸಲ. ಮಾಂತೇಶ ಹೋಳಿಗೆ ಮೇಲೆ ತುಪ್ಪ ಸುರಿದುಕೊಳ್ಳುತ್ತಾ ಹೇಳಿದ: "ಒಂದನೇ ತಾರೀಖಿನ ತನಕಾ ಹಿಂಗ ಓಡತೈತ್ರಿ ಅವ್ವಾರ. ಮುಂದಿನ ತಿಂಗಳಿಂದ ಮತ್ತ ಹಳೇ ಲಿಮಿಟ್ಟ, ಏನ?"

"ಹೂಂ," ಅಂದೆ. ಇನ್ನೊಂದು ಹೋಳಿಗೆ ಹಾಕಿದೆ.

ಅವನು ಇವತ್ತಿಗೂ ನನ್ನಲ್ಲೇ ಉಣ್ಣುತ್ತಾನೆ. ಸಿಟ್ಟೇನಿಲ್ಲ. ಮೂರನೇ ರೊಟ್ಟಿ ಹೊತ್ತಿಗೆ ಮಾತ್ರ ಒಮ್ಮೆ ನನ್ನ ಮುಖ ನೋಡುತ್ತಾನೆ. ಯಾಕೆಂದರೆ ಆ ರೇಸಿನ ಮರುದಿನ, ಸೋಮವಾರ ಬೆಳಿಗ್ಗೆ, ಒಲೆ ಹೊತ್ತಿಸುವ ಮೊದಲೇ ಬಜಾರಿನ ಆ ಇನ್ನೊಂದು ಕಂಪನಿಯವನಿಗೆ ಫೋನ್ ಹಚ್ಚಿ ಹೇಳಿದೆ: "ವೈರ್ ತಗೊಂಡ ಬಾ. ಊಟ ಮಾತ್ರ ಮಾಡಕೊಂಡ ಬರಬ್ಯಾಡ, ಇನ್ನ ಮ್ಯಾಲೆ ನೀನೂ ದಿನಾ ಇಲ್ಲೇ ಉಣ್ಣು. ನಿನ್ನ ಮೂರನೇ ರೊಟ್ಟೀನೂ ನನ್ನ ಕೈಯಾಗ ಇರಲಿ."