ಕುರಿಗಾರನಿಗೆ ಬಂದ ಭಾಗ್ಯ

ಗೆಳೆಯರೇ, ಇವತ್ತು ಚನ್ನಗಿರಿಯ ಡಿಟಿಪಿ ಅಂಗಡಿಯಲ್ಲಿ ಒಬ್ಬ ಒಳ್ಳೆಯ ಮನುಷ್ಯನನ್ನು ಶ್ರೀಮಂತನಾಗಿಸಿ ಹಾಳುಮಾಡುವುದನ್ನು ಕಣ್ಣಾರೆ ಕಂಡೆ.

ನನ್ನ ಕಾದಂಬರಿ ಟೈಪ್ ಮಾಡುವ ರೇಣುಕಾ ಮೊಬೈಲ್ ಆ್ಯಪಿನಲ್ಲಿ ಪ್ರೇಮದ ಧಾರಾವಾಹಿ ಬರೆಯುತ್ತಾಳೆ. ಅವಳ ನಾಯಕ ಜಗಳೂರು ಕಡೆಯ ಕುರಿಗಾರ. ಗೊಬ್ಬರಕ್ಕೆಂದು ನಾಯಕಿಯ ಅಪ್ಪನ ಹೊಲದಲ್ಲಿ ಮಂದೆ ನಿಲ್ಲಿಸುತ್ತಾನೆ. ಅಲ್ಲಿ ಇಬ್ಬರಿಗೂ ಮಾತು ಬೆಳೆಯುತ್ತದೆ. ಅವಳು ಬರೆದದ್ದರಲ್ಲಿ ನಾನು ಓದಿ ಮುಗಿಸಿದ್ದು ಇದೊಂದೇ ಭಾಗ.

ಇವತ್ತು ಅವಳ ಮುಖ ಬಾಡಿತ್ತು. "ಓದೋರು ಅರ್ಧ ಜನ ಬಿಟ್ಟು ಹೋದ್ರು ಸರ್. ಹೀರೋ ಮೈಯೆಲ್ಲ ಕುರಿ ವಾಸನೆ ಅಂತಾರೆ. ಹಿಂಗೇ ಆದ್ರೆ ಕತೆ ನಿಲ್ಲಿಸ್ಬೇಕಾಗ್ತೈತೆ."

ಆ ಆ್ಯಪಿನಲ್ಲಿ ಹೆಚ್ಚು ಜನ ಓದಬೇಕೆಂದರೆ ಕತೆಗೆ ಒಂದು ವಿಭಾಗ ಆರಿಸಬೇಕು: ಒಪ್ಪಂದದ ಮದುವೆ, ಸಿಡುಕು ಶ್ರೀಮಂತ, ಗುಟ್ಟಿನ ಕೋಟ್ಯಧಿಪತಿ. ಕುರಿಗಾರನಿಗೆ ವಿಭಾಗವಿಲ್ಲ. ನನ್ನೆದುರೇ ಅವಳು ಮೂರನೆಯದನ್ನು ಒತ್ತಿ ಬರೆಯತೊಡಗಿದಳು. ಕುರಿಗಾರ ಕಂಬಳಿ ಕೊಡವಿ ಎದ್ದ, ಕಾರು ಬಂತು, ನಾಯಕಿಯ ಕೈ ಹಿಡಿದು ದರದರ ಎಳೆದುಕೊಂಡು ಹೊರಟ.

"ಯಾಕಮ್ಮ ಹಾಗೆ ಎಳೀತಾನೆ?"

"ಪ್ರೀತಿ ಐತಲ್ಲ ಸರ್."

"ಕುರಿಗಳನ್ನೂ ಅವನು ಹಾಗೆ ಎಳೆದಿರಲಿಲ್ಲ" ಎಂದೆ.

ಬರೆದದ್ದನ್ನು ಆ್ಯಪಿಗೆ ಹಾಕಿದ ಹತ್ತು ನಿಮಿಷದಲ್ಲಿ ಮೆಚ್ಚುಗೆಗಳು ಸುರಿದವು. ಬಿಟ್ಟುಹೋದವರೆಲ್ಲ ಮರಳಿದ್ದರು. ಅವಳು ಹಿಗ್ಗಿ, "ನಿಮ್ ಹೀರೋ ನಲವತ್ತು ಪೇಜಿಂದ ಕಿಟಕಿ ಹತ್ರಾನೇ ನಿಂತಾನೆ ಸರ್. ಹೂಂ ಅನ್ರಿ, ಅವಂಗೂ ಒಂದು ಕಂಪನಿ ಕೊಡಿಸ್ತೀನಿ" ಎಂದಳು.

ಖಡಾಖಂಡಿತ ಬೇಡ ಎಂದೆ. ಆದರೆ ಬಸ್ ಸ್ಟ್ಯಾಂಡ್ ತಲುಪುವವರೆಗೂ, ಯಾವ ಕಂಪನಿಯಾದರೆ ಅವನಿಗೆ ಒಪ್ಪೀತು ಎಂದೇ ಯೋಚಿಸುತ್ತಿದ್ದೆ.