ಬೇಗ ಕೆಲಸ ಮುಗಿಸುವ ಚಟ

ಶಾರ್ಲೆಟ್ ಊರಿನಲ್ಲಿದ್ದಾಗ ಮಗಳು ಶಾಲೆಯ ಪಾಠ ಓದುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಒಡೆಯನನ್ನು ಕಳೆದುಕೊಂಡು, ಕತ್ತಿಯೊಂದನ್ನು ಹಿಡಿದು ಊರೂರು ಕೆಲಸ ಹುಡುಕುವ ಜಪಾನಿನ ಸಮುರಾಯ್‌ಗೆ ರೋನಿನ್ ಎನ್ನುತ್ತಾರಂತೆ. "ಅಪ್ಪಾ, ದಟ್ಸ್ ಯೂ," ಎಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ನನ್ನ ಕತ್ತಿಯೆಂದರೆ ಕೋಬಾಲ್. ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಕಂಪ್ಯೂಟರುಗಳಲ್ಲಿ ಇನ್ನೂ ಉಸಿರಾಡುತ್ತಿರುವ ಮುದಿ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಬಲ್ಲವರನ್ನು ಕರೆಸುವುದೇ ಅದನ್ನು ಕಿತ್ತುಹಾಕಲಿಕ್ಕೆ. ಹಳೆಯ ಪ್ರೋಗ್ರಾಮು ಮಾಡುವುದನ್ನೆಲ್ಲ ಹೊಸದಕ್ಕೆ ಒಪ್ಪಿಸಿದ ದಿನ ಕೇಕು ತಿನ್ನಿಸಿ ಕಳಿಸುತ್ತಾರೆ. ಕೂತ ಕೊಂಬೆಯನ್ನೇ ಕಡಿಯುವ ಉದ್ಯೋಗ. ನಿಧಾನವಾಗಿ ಕಡಿಯುವವರೂ ಇದ್ದಾರೆ. ನನಗೆ ಮಾತ್ರ ಬೇಗ ಮುಗಿಸುವ ಚಟ.

ಗೈದರ್ಸ್‌ಬರ್ಗ್‌ನಿಂದ ಶಾರ್ಲೆಟ್‌ಗೆ, ಅಲ್ಲಿಂದ ಕಮ್ಮಿಂಗ್‌ಗೆ ಬಂದದ್ದು ಹಾಗೆ. ಪ್ರತಿ ಬಾಡಿಗೆ ಮನೆಯಲ್ಲೂ ಹೆಂಡತಿ ಹಾಲುಕ್ಕಿಸುವಳು, ಸ್ಮೋಕ್ ಅಲಾರಂ ಅರಚುವುದು. ಕಮ್ಮಿಂಗ್‌ನಲ್ಲಿ ಮಗಳಿಗೆ ಮೊದಲ ಸಲ ಜೀವದ ಗೆಳತಿಯೊಬ್ಬಳು ಸಿಕ್ಕಳು. ಪಕ್ಕದ ಬೀದಿಯ ಹುಡುಗಿ, ಮೈಸೂರಿನ ಮುಸ್ಲಿಂ ಮನೆಯವಳು. ಹೈಸ್ಕೂಲು ಒಟ್ಟಿಗೇ ಮುಗಿಸುವುದೆಂದು ಇಬ್ಬರ ಮಾತಾಗಿತ್ತು. ಅದಕ್ಕೆ ಬೇಸಿಗೆಯವರೆಗೆ ನಾವು ಅಲ್ಲಿರಬೇಕಿತ್ತು, ಅಷ್ಟೆ.

ನನ್ನ ಮ್ಯಾನೇಜರು ಬೆಂಗಳೂರಿನವನೇ. ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದ: "ಏನ್ ಅರ್ಜೆಂಟು ಸರ್? ಬಜೆಟ್ ಸಮ್ಮರ್ ತನಕ ಇದೆ. ಸ್ವಲ್ಪ ಸ್ಲೋ ಮಾಡಿ."

ನನಗೆ ಸಿಟ್ಟು ನೆತ್ತಿಗೇರಿತು. ಮಾಡಬಲ್ಲ ಕೆಲಸವನ್ನು ಎಳೆಯುವುದು ಕಳ್ಳತನ ಎಂದು ಭಾಷಣ ಬಿಗಿದೆ. ಪಾಪ, ಅವನು ಮೊಸರನ್ನ ಅರ್ಧಕ್ಕೇ ಬಿಟ್ಟು ಎದ್ದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ ಎಲ್ಲ ಮುಗಿಸಿಕೊಟ್ಟೆ. ಚಪ್ಪಾಳೆ ತಟ್ಟಿದರು, ಕೇಕು ಬಂತು, ಡಿಸೆಂಬರಿಗೆ ಕಾಂಟ್ರಾಕ್ಟ್ ಮುಗಿಯಿತು. ಮುಂದಿನ ಕೆಲಸ ಸಿಕ್ಕಿದ್ದು ಮೇರಿಲ್ಯಾಂಡಿನಲ್ಲಿ. ಮನೆಯಿಂದಲೇ ಮಾಡುತ್ತೇನೆಂದರೆ ಅವರು ಒಪ್ಪಲಿಲ್ಲ. ಎರಡೂರಲ್ಲಿ ಎರಡು ಮನೆ ಇಡುವ ಶಕ್ತಿ ನಮಗಿರಲಿಲ್ಲ.

ಹೇಳಿದಾಗ ಮಗಳು ಅಳಲಿಲ್ಲ.

"ಅಪ್ಪಾ, ಒಂದ್ ಸಲ ಬ್ಯಾಡ್ ಆಗಿ ವರ್ಕ್ ಮಾಡಕ್ಕೆ ಆಗಲ್ವಾ?" ಎಂದಳು. "ಜಸ್ಟ್ ಒನ್ಸ್. ನಂಗೋಸ್ಕರ."

ನನಗೆ ತುಂಬ ನೋವಾಯಿತು. ಆದರೂ ಸುಳ್ಳು ಯಾಕೆ, ಈವತ್ತು ಅದೇ ಕೆಲಸ ಕೊಟ್ಟರೂ ಅಷ್ಟೇ ಬೇಗ ಮುಗಿಸುತ್ತೇನೆ. ಇದು ಅವಳಿಗೂ ಗೊತ್ತು. ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯ ಹೊಸ ಶಾಲೆಯಲ್ಲಿ ಅವಳು ಯಾರನ್ನೂ ಗೆಳತಿ ಮಾಡಿಕೊಳ್ಳಲಿಲ್ಲ.