ಬಿಂಕದಕಟ್ಟಿಯಲ್ಲಿ ನಿನ್ನನ್ನು ಬಿಟ್ಟದ್ದು

ಸವಿತಾ, ಅವತ್ತು ನೀನು ಕೈ ಕೊಸರಿಕೊಂಡು ಓಡಿಹೋಗಲಿಲ್ಲ. ನಾನೇ ನಿನ್ನನ್ನು ಬಿಟ್ಟುಹೋದೆ – ಬೇಕೆಂದೇ.

ನಿನ್ನ ತಾಯಿ ತೀರಿಕೊಂಡ ವರ್ಷದ ಬೇಸಿಗೆ ಅದು. ನಿಮ್ಮಪ್ಪ ನಿನ್ನನ್ನು ಮುಂಡರಗಿಯಿಂದ ಕರೆತಂದು ಬೆಟಗೇರಿಯ ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು. ಸೂಟಿ ಮುಗಿದ ಮೇಲೆ ಇಲ್ಲಿಯ ಶಾಲೆಗೇ ನಿನ್ನ ಹೆಸರು ಹಚ್ಚಬೇಕೆಂದು ನಿನ್ನ ಆಯಿ, ಅಂದರೆ ನನ್ನ ಅತ್ತೆ, ಆಗಲೇ ನಿಶ್ಚಯಿಸಿದ್ದರು. ನಿನ್ನ ಮಾಮಾ ಮಗ್ಗದ ಮೇಲಿಂದಲೇ ಹೂಂ ಅಂದಿದ್ದರು. ನನ್ನನ್ನು ಯಾರೂ ಕೇಳಲಿಲ್ಲ.

ಮಗ್ಗವೇ ಅರ್ಧ ನುಂಗಿದ ಮನೆಯಲ್ಲಿ ಇನ್ನೊಬ್ಬಳನ್ನು ಎಲ್ಲಿ ಮಲಗಿಸಲಿ ಎಂದು ಓಣಿಯ ಹೆಂಗಸರ ಮುಂದೆ ಗೊಣಗುತ್ತಿದ್ದೆ. ಅದು ನೆಪ. ನೀನು ನನ್ನ ಮಗಳು ವಿದ್ಯಾಳಿಗಿಂತ ಚುರುಕಾಗಿದ್ದೆ. ಅತ್ತೆ ನಿನ್ನ ತಲೆ ಬಾಚುವಾಗ ಅವರ ದನಿಯೇ ಮೆತ್ತಗಾಗುತ್ತಿತ್ತು. ವಿದ್ಯಾಳ ಜಡೆಯನ್ನು ಜಗ್ಗಿ ಜಗ್ಗಿ ಹೆಣೆಯುತ್ತಿದ್ದರು. ತಾಯಿಯಿಲ್ಲದ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚು – ಬರೆಯುವಾಗಲೂ ನಾಚಿಕೆಯಾಗುತ್ತದೆ.

ವಿದ್ಯಾ, ಅವಳ ತಮ್ಮ, ನೀನು – ಮೂವರನ್ನೂ ಝೂಗೆ ಕರೆದುಕೊಂಡು ಹೋಗು ಎಂದವರು ಅತ್ತೆಯೇ. ಟಂಟಂ ಆಟೋದಲ್ಲಿ ಬಿಂಕದಕಟ್ಟಿಗೆ ಹೋದೆವು. ದಾರಿಯುದ್ದಕ್ಕೂ ನೀನು ನನ್ನ ಸೆರಗು ಹಿಡಿದೇ ಕೂತಿದ್ದೆ. ಹುಲಿ ಇದ್ದ ಜಾಲರಿಯ ಮುಂದೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಇಲ್ಲೇ ನಿಂದ್ರು. ನಾ ಬರೂತನಕ ಅಲಗಾಡಬ್ಯಾಡ."

ನೀನು ತಲೆಯಾಡಿಸಿದೆ. ನಾನು ನನ್ನ ಮಕ್ಕಳನ್ನು ಕರೆದುಕೊಂಡು ದೂರದ ಬೇವಿನ ಮರದ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದೆ. ಅಲ್ಲಿಂದ ನೀನು ಕಾಣುತ್ತಿದ್ದೆ. ನಿನಗೆ ನಾವು ಕಾಣುತ್ತಿರಲಿಲ್ಲ.

"ಅವ್ವಾ, ಸವಿತಾ?" ಎಂದಳು ವಿದ್ಯಾ.

"ಹುಲಿ ನೋಡಾಕತ್ತಾಳ. ನೀ ಸುಮ್ನ ತಿನ್ನು."

ನೀನು ಹುಲಿ ನೋಡುತ್ತಿರಲಿಲ್ಲ. ಜಾಲರಿಗೆ ಬೆನ್ನು ಮಾಡಿ, ಹೋಗಿಬರುವವರ ಮುಖಗಳಲ್ಲಿ ನನ್ನನ್ನು ಹುಡುಕುತ್ತಿದ್ದೆ. ಬಿಸಿಲು ಸುಡುತ್ತಿತ್ತು. ಯಾರೋ ಬಂದು ಮಾತಾಡಿಸಿದರು, ನೀನು ಕದಲಲಿಲ್ಲ – ಅಲಗಾಡಬೇಡ ಎಂದಿದ್ದೆನಲ್ಲ. ಕೊನೆಗೆ ನಿಂತಲ್ಲೇ ನಿನ್ನ ಲಂಗ ಒದ್ದೆಯಾಯಿತು. ಅದನ್ನು ನೋಡಿಯೂ ನಾನು ಏಳಲಿಲ್ಲ. ಒಳಗೆಲ್ಲೋ ಹಿತವೆನಿಸಿತು – ಹೌದು, ಹಿತವೇ. ಚಪಾತಿ ಮುಗಿಸಿ, ಕೈ ತೊಳೆದು, ಆಮೇಲೆ ಬಂದೆ.

ಮನೆಗೆ ಬಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. "ಕೈ ಕೊಸರ್ಕೊಂಡು ಓಡಿ ಹೋದ್ಲರಿ. ನಾಳೆ ಏನರ ಆದ್ರ ಯಾರು ಜವಾಬು ಕೊಡಾವರು?"

ಅತ್ತೆ ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. "ಖರೆ ಹೇಳು, ಸವಿ. ನೀನ ಓಡಿ ಹೋಗಿದ್ದೇನು?"

ನೀನು ನನ್ನ ಕಡೆ ನೋಡಿದೆ. "ಹೂಂ ಆಯಿ. ನಾನ ಹೋಗಿದ್ದೆ."

ಅವರು ನಿನಗೆ ಹೊಡೆದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ನಾನು ಪಾತ್ರೆ ತಿಕ್ಕುತ್ತಿದ್ದಾಗ ನೀನು ಪಕ್ಕದಲ್ಲಿ ಬಂದು ಕೂತೆ. "ಅತ್ತಿ, ನಾ ಯಾರ ಮುಂದೂ ಹೇಳಿಲ್ಲರಿ. ಇನ್ನ ನನ್ನ ಇಲ್ಲೇ ಇಟ್ಕೋತೀರಿ?"

ಎಲ್ಲವೂ ನಿನಗೆ ತಿಳಿದಿತ್ತು. ತಿಳಿದೂ –

"ಅರಿವಿ ಜೋಡಿಸ್ಕೋ," ಎಂದೆ. "ನಿಮ್ಮಪ್ಪಗ ಖಬರ ಹೋಗೇತಿ."

ನೀನು ಹೋದೆ. ನಿನಗೆ ಮಲತಾಯಿ ಬಂದಳು. ಅವಳ ಕೂಸುಗಳನ್ನು ಆಡಿಸಲು ನಿನ್ನ ಶಾಲೆ ಬಿಡಿಸಿದರು. ಆ ಸುದ್ದಿ ಬಂದಾಗಲೂ ನಾನು ಬಾಯಿ ಬಿಡಲಿಲ್ಲ. ನೀನು ಹಟಮಾರಿಯೆಂದು ನಂಬಿಕೊಂಡೇ ಅತ್ತೆ ಸತ್ತರು. ಅವರಿಗೆ ಇನ್ನು ಯಾರೂ ಹೇಳಲಾರರು.

ಹೋದ ವಾರ ನೀನು ಲಕ್ಷ್ಮೇಶ್ವರದಿಂದ ಮಗಳನ್ನು ಕರೆದುಕೊಂಡು ಬಂದಿದ್ದೆ. ಸೂಟಿಯಲ್ಲಿ ಝೂ ನೋಡಬೇಕೆಂದು ಆಕೆ ಹಟ ಹಿಡಿದಾಗ ನಿನ್ನ ಮಾಮಾ ನಕ್ಕರು. "ನಿಮ್ಮವ್ವನ ಕೈ ಗಟ್ಟಿ ಹಿಡ್ಕೋ ಮತ್ತ. ಓಡಿ ಹೋಗೋ ಚಾಳಿ ಐತಿ ಆಕಿಗೆ." ಎಲ್ಲರೂ ನಕ್ಕೆವು. ನಾನೂ ನಕ್ಕೆ. ನೀನು ತಲೆ ತಗ್ಗಿಸಿ ನಕ್ಕೆ. ನಿನ್ನ ಮಗಳು ಮಾತ್ರ ನಗದೆ ನಿನ್ನನ್ನೇ ನೋಡಿದಳು.

ಇವತ್ತು ನಿನ್ನ ಮಾಮಾನಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನೊಂದಿಗೆ ಮಾತಾಡುತ್ತಿಲ್ಲ. ನಾಳೆ ನಿಮ್ಮ ಮನೆಗೆ ಬರುತ್ತೇನೆ, ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ಕ್ಷಮೆ ಕೇಳಿ ನಿನ್ನನ್ನು ಮತ್ತೆ ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಹೇಳಿ ಮುಗಿದ ಮೇಲೆ ನೀನು ಹೋಗು ಎಂದರೆ ಹೋಗುತ್ತೇನೆ.